ಕರೆದರೆ ಮಾತ್ರ ನಿಲ್ಲುವ ಬೋಟು

ಟೆರ್ನೋಯ ಎಂಬ ನಾರ್ವೆಯ ದ್ವೀಪವನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೆ ಅದರ ಉದ್ದ ಎರಡು ಕಿಲೋಮೀಟರ್ ಚಿಲ್ಲರೆ, ಅಗಲ ಆರುನೂರು ಮೀಟರ್, ನಡುವೆ ಒಂದು ಬೋಳುಗುಡ್ಡ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಏಳು ಮನೆಗಳಿವೆ. ಬೇಸಿಗೆಯಲ್ಲಿ ಏಳರಲ್ಲೂ ಜನ, ಚಳಿಗಾಲದಲ್ಲಿ ಎರಡರಲ್ಲಿ ಮಾತ್ರ. ದೀಪಸ್ತಂಭದಿಂದ ಬೋಟುಕಟ್ಟೆಯವರೆಗೆ ಒಂದೂವರೆ ಕಿಲೋಮೀಟರ್ ಜಲ್ಲಿರಸ್ತೆ, ಅದೊಂದೇ ರಸ್ತೆ. ಅಂಗಡಿಯಿಲ್ಲ, ಶಾಲೆಯಿಲ್ಲ, ಡಾಕ್ಟರಿಲ್ಲ. ಚಳಿಗಾಲದಲ್ಲಿ ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಏಳು ಐವತ್ತಕ್ಕೆ ಬೋಟು. ಅದು ಮುಖ್ಯಭೂಮಿಯಲ್ಲಿರುವ ಗ್ರುನ್‌ವಿಕ್ ಬಂದರಿಗೆ ಐವತ್ತು ನಿಮಿಷದಲ್ಲಿ ಮುಟ್ಟುತ್ತದೆ. ಅಲ್ಲಿಂದ ಆಸ್ಪತ್ರೆಯಿರುವ ಪಟ್ಟಣಕ್ಕೆ ಬಸ್ಸಿನಲ್ಲಿ ಎರಡೂವರೆ ಗಂಟೆ.

ಇಷ್ಟೆಲ್ಲ ಬಾಯಿಪಾಠ ಆಗಿರುವುದು ಪ್ರವಾಸದ ಹುಚ್ಚಿನಿಂದಲ್ಲ, ಹೊಟ್ಟೆಪಾಡಿನಿಂದ. ಆ ಕರಾವಳಿಯ ಬೋಟು ಮತ್ತು ಬಸ್ಸುಗಳ ವೇಳಾಪಟ್ಟಿಯನ್ನು ಫೋನಿನಲ್ಲಿ ತೋರಿಸಿ ಟಿಕೆಟ್ ಕಾದಿರಿಸುವ ಆ್ಯಪನ್ನು ನೋಡಿಕೊಳ್ಳುವುದು ನಮ್ಮ ಕಂಪನಿ. ನಾವು ಏಳು ಜನ ನ್ಯೂಜೆರ್ಸಿಯ ಪಾರ್ಸಿಪನಿಯಲ್ಲಿ, ಹೆದ್ದಾರಿಯ ಪಕ್ಕದ ಒಂದು ಗಾಜಿನ ಕಟ್ಟಡದ ಎರಡನೇ ಮಹಡಿಯಲ್ಲಿ ಕುಳಿತು, ಉತ್ತರ ಸಮುದ್ರದ ಬೋಟುಗಳನ್ನು ಓಡಿಸುತ್ತಿದ್ದೆವು. ಏಳರಲ್ಲಿ ಆರು ಜನ ಬೋಟು ಹತ್ತಿದ್ದು ಲಿಬರ್ಟಿ ಪ್ರತಿಮೆ ನೋಡಲು ಹೋದಾಗ ಮಾತ್ರ. ಏಳನೆಯವನಿಗೆ ನೀರು ಕಂಡರೆ ತಲೆ ಸುತ್ತುತ್ತದೆ.

ನನ್ನ ಕೆಲಸ ದತ್ತಾಂಶ ಶುದ್ಧಿ. ಹೆಸರು ದೊಡ್ಡದು, ಮಾಡುವುದು ಕಸ ಗುಡಿಸುವುದು. ಒಂದೇ ನಿಲ್ದಾಣ ಎರಡು ಹೆಸರಲ್ಲಿರುತ್ತದೆ, ಮುಚ್ಚಿ ಹೋದ ನಿಲ್ದಾಣ ಪಟ್ಟಿಯಲ್ಲಿ ಹಾಗೇ ಉಳಿದಿರುತ್ತದೆ. ಒಂದೊಂದನ್ನೇ ಹುಡುಕಿ ತೆಗೆಯುವ ಬದಲು ಡಿಸೆಂಬರಿನಲ್ಲಿ ನಾನೊಂದು ನಿಯಮ ಬರೆದೆ: ತೊಂಬತ್ತು ದಿನ ಯಾರೂ ಹತ್ತದ, ಯಾರೂ ಇಳಿಯದ ನಿಲ್ದಾಣವನ್ನು ದೆವ್ವದ ನಿಲ್ದಾಣ ಎಂದು ಗುರುತಿಸಿ ಪಟ್ಟಿಯಿಂದ ತಾನಾಗಿಯೇ ಕೈಬಿಡುವುದು. ಇಲ್ಲಿನ ಬಸ್ಸುಗಳಿಗೆ ಅದು ಚೆನ್ನಾಗಿ ಹೊಂದುತ್ತದೆ. ಮೂರು ತಿಂಗಳು ಒಬ್ಬರೂ ಹತ್ತದ ಬಸ್ ಸ್ಟಾಪನ್ನು ನ್ಯೂಜೆರ್ಸಿಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಇನ್ನೂರ ಹನ್ನೊಂದು ದೆವ್ವಗಳು ಒಂದೇ ಏಟಿಗೆ ಹೋದವು. ನಮಗೆ ಈ ಕೆಲಸ ವಹಿಸಿದ್ದ ಓಸ್ಲೋದ ಗಿರಾಕಿಗಳು ವಿಡಿಯೋ ಮೀಟಿಂಗಿನಲ್ಲಿ ಚಪ್ಪಾಳೆ ತಟ್ಟಿದರು. ನಮ್ಮ ಮ್ಯಾನೇಜರ್ ಕೃಷ್ಣಮೂರ್ತಿಯವರು ಮೈಸೂರಿನವರು, ಮೆಲುಮಾತಿನ ಮನುಷ್ಯ. ಸ್ಲೈಡಿನ ಮೇಲೆ ನನ್ನ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿದ್ದರು.

ಆ ಚಪ್ಪಾಳೆಯ ಅಗತ್ಯ ನನಗೆಷ್ಟಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ನವೆಂಬರಿನಲ್ಲಿ ನನ್ನ ಗಂಡ ನವನೀತನ ಕೆಲಸ ಹೋಗಿತ್ತು. ಅವನ ವೀಸಾ ನನ್ನ ವೀಸಾಕ್ಕೆ ಜೋತುಬಿದ್ದಿತ್ತು. ನನ್ನ ವೀಸಾ ಈ ಕೆಲಸಕ್ಕೆ ಜೋತುಬಿದ್ದಿತ್ತು. ಕೆಲಸ ಹೋದರೆ ಅರವತ್ತು ದಿನಗಳಲ್ಲಿ ಗಂಟುಮೂಟೆ ಕಟ್ಟಬೇಕು. ಒಂದನೇ ತರಗತಿಯ ನಮ್ಮ ದಿಯಾಗೆ ಇದೆಲ್ಲ ಗೊತ್ತಿಲ್ಲ, ಆದರೆ ಅಪ್ಪ ಮನೆಯಲ್ಲಿದ್ದಾನೆ, ಅಮ್ಮ ಸಿಡುಕುತ್ತಾಳೆ ಎಂಬುದು ಗೊತ್ತಿತ್ತು. ಫೆಬ್ರವರಿಯ ಮೊದಲ ವಾರ ಓಸ್ಲೋದವರು ಕಾಂಟ್ರ್ಯಾಕ್ಟ್ ಮುಂದುವರಿಸುವ ಬಗ್ಗೆ ತೀರ್ಮಾನಿಸುವವರಿದ್ದರು. ತಪ್ಪು ಮಾಡಲು ಅದಕ್ಕಿಂತ ಕೆಟ್ಟ ವಾರ ಇರಲಿಲ್ಲ.

ಆ ಸೋಮವಾರ ಬೆಳಿಗ್ಗೆ ಹಿಮ ಬಿದ್ದು ಹೆದ್ದಾರಿಯಲ್ಲಿ ಕಾರುಗಳು ತೆವಳುತ್ತಿದ್ದವು. ಒಂಬತ್ತೂಕಾಲಿಗೆ ಕುರ್ಚಿಯಲ್ಲಿ ಕುಳಿತು, ಕೋಟು ಬಿಚ್ಚುವ ಮೊದಲೇ ದೂರುಗಳ ಪಟ್ಟಿ ತೆರೆದೆ. ನಾಲ್ಕನೇ ದರ್ಜೆಯ, ಅಂದರೆ ಯಾವಾಗಲಾದರೂ ನೋಡಿದರಾಯಿತು ಎನ್ನುವ ದರ್ಜೆಯ ಒಂದು ದೂರು ಇತ್ತು. ತೊಂದರೆಗೊಳಗಾದವರ ಸಂಖ್ಯೆ ಒಂದು. ಯಂತ್ರದಿಂದ ಇಂಗ್ಲಿಷಿಗೆ ತಿರುಗಿಸಿ ಕಳಿಸಿದ್ದು. ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು:

"ನನ್ನ ಹೆಸರು ಟೋರ್ಲೈಫ್. ವಯಸ್ಸು ಎಂಬತ್ತೊಂದು. ಟೆರ್ನೋಯದಲ್ಲಿ ವಾಸ. ಶನಿವಾರ ನನ್ನ ಹೆಂಡತಿ ಓಸ್ಹಿಲ್ಡ್‌ಳನ್ನು ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ನನಗೆ ಅದರಲ್ಲಿ ಜಾಗವಿರಲಿಲ್ಲ. ನಿನ್ನೆ ಬೋಟಿಗೆ ಹೇಳಲು ನೋಡಿದರೆ ಫೋನಿನಲ್ಲಿ ಟೆರ್ನೋಯ ಇಲ್ಲ. ಮೊದಲು ಒಂದು ನಂಬರಿಗೆ ಫೋನ್ ಮಾಡುತ್ತಿದ್ದೆವು. ಹೊಸ ವರ್ಷದಿಂದ ಆ ನಂಬರ್ ನಿಲ್ಲಿಸಿದ್ದಾರೆ. ಇವತ್ತು ಬೆಳಿಗ್ಗೆ ಕಟ್ಟೆಯ ಮೇಲೆ ನಿಂತಿದ್ದೆ. ಬೋಟು ನಿಲ್ಲಲಿಲ್ಲ. ನನ್ನ ದೋಣಿಯನ್ನು ಚಳಿಗಾಲಕ್ಕೆಂದು ದಡಕ್ಕೆ ಎಳೆದಿದ್ದೇನೆ, ನನ್ನಿಂದಲೂ ಇನ್ನೊಂದು ಮನೆಯ ಮುದುಕಿಯಿಂದಲೂ ಅದನ್ನು ನೀರಿಗಿಳಿಸಲು ಆಗದು. ಬುಧವಾರದ ಬೋಟು ನನಗೆ ಬೇಕು."

ಹತ್ತು ನಿಮಿಷ ಬೇಕಾಗಲಿಲ್ಲ, ನನಗೆ ಅರ್ಥವಾಯಿತು. ಟೆರ್ನೋಯ ಕರೆದರೆ ಮಾತ್ರ ಬೋಟು ನಿಲ್ಲುವ ಜಾಗ. ಹಿಂದಿನ ದಿನ ಮಧ್ಯಾಹ್ನ ಎರಡರೊಳಗೆ ಹೇಳಿದರೆ ಬೋಟು ಕಟ್ಟೆಗೆ ಬರುತ್ತದೆ. ಹೇಳದಿದ್ದರೆ ಅರ್ಧ ಕಿಲೋಮೀಟರ್ ಆಚೆಯಿಂದಲೇ ಮುಂದಿನ ದ್ವೀಪಕ್ಕೆ ಹೋಗುತ್ತದೆ. ಅಕ್ಟೋಬರಿನಲ್ಲಿ ದಿನಸಿ ತುಂಬಿಕೊಂಡು ಮನೆ ಸೇರಿದ ಮುದುಕರು, ನೆರೆಮನೆಯಾಕೆಯ ಹಾಗೆಯೇ, ತೊಂಬತ್ತು ದಿನ ಎಲ್ಲಿಗೂ ಹೋಗಿರಲಿಲ್ಲ. ಯಾಕೆ ಹೋಗಬೇಕು? ಗಂಡ ಹೆಂಡತಿ ಇಬ್ಬರೂ ಅಲ್ಲೇ ಇದ್ದರಲ್ಲ. ನನ್ನ ನಿಯಮ ಅವರನ್ನು ದೆವ್ವ ಎಂದು ಗುರುತಿಸಿ ಗುಡಿಸಿ ಹಾಕಿತ್ತು.

ಈ ತಪ್ಪನ್ನು ಬೇರೆ ಯಾರು ಮಾಡಿದ್ದರೂ ಕ್ಷಮಿಸಬಹುದಿತ್ತು. ನಾನು ನಾಗಮಂಗಲದ ಕಡೆಯವಳು. ನಮ್ಮೂರಿಗೆ ಬಸ್ ಸ್ಟ್ಯಾಂಡ್ ಇರಲಿಲ್ಲ. ಹುಣಸೆಮರದ ಪಕ್ಕ ಒಂದು ತಗಡಿನ ಬೋರ್ಡು, ಅದರ ಮೇಲೆ 'ಕೋರಿಕೆ ನಿಲುಗಡೆ' ಎಂದು ಬರೆದಿತ್ತು, ಅಷ್ಟೆ. ಕೈ ಅಡ್ಡ ಹಾಕಿದರೆ ಬಸ್ಸು ನಿಲ್ಲುತ್ತಿತ್ತು, ಇಲ್ಲದಿದ್ದರೆ ಧೂಳೆಬ್ಬಿಸಿ ಹೋಗುತ್ತಿತ್ತು. ನಮ್ಮಜ್ಜಿ ಜವರಮ್ಮ ನನ್ನನ್ನು ಹಿಂದೆ ನಿಲ್ಲಿಸಿಕೊಂಡು ರಸ್ತೆಯ ಮಧ್ಯಕ್ಕೇ ಹೋಗಿ ಕೈ ಚಾಚುತ್ತಿದ್ದಳು. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು, ಅದನ್ನು ನಾನು ಪಡೆದದ್ದೇ ಆ ಬೋರ್ಡಿನ ಕೆಳಗೆ ದಿನಾ ನಿಂತು. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಅಲ್ಲಿ ಒಂದು ನರಪಿಳ್ಳೆಯೂ ಹತ್ತುತ್ತಿರಲಿಲ್ಲ. ಜೂನಿನಲ್ಲಿ ನಾನು ಕೈ ಹಾಕಿದಾಗ ಬಸ್ಸು ನಿಂತೇ ನಿಲ್ಲುತ್ತಿತ್ತು.

ಸರಿಪಡಿಸುವುದು ಒಂದು ಸಾಲಿನ ಕೆಲಸ. ಮಾಮೂಲಿ ಬದಲಾವಣೆಗಳು ಗುರುವಾರ ಬೆಳಗಿನ ಜಾವ ಮಾತ್ರ ಆ್ಯಪಿಗೆ ಹೋಗುತ್ತವೆ. ತುರ್ತಾದರೆ ಕೃಷ್ಣಮೂರ್ತಿಯವರ ಒಪ್ಪಿಗೆ ಪಡೆದು ಆಗಲೇ ಕಳಿಸಬಹುದು, ಆದರೆ ಅದಕ್ಕೆ ಕಾರಣ ಬರೆಯಬೇಕು, ಮತ್ತು ಆ ಕಾಗದ ಓಸ್ಲೋಗೂ ಹೋಗುತ್ತದೆ. ಬುಧವಾರದ ಬೋಟಿಗೆ ಹೇಳಲು ಮಂಗಳವಾರ ನಮ್ಮ ಬೆಳಗಿನ ಎಂಟು ಗಂಟೆಯವರೆಗೂ, ಅಂದರೆ ಅಲ್ಲಿನ ಮಧ್ಯಾಹ್ನ ಎರಡರವರೆಗೂ ಸಮಯವಿತ್ತು. ಹತ್ತಿರ ಹತ್ತಿರ ಇಪ್ಪತ್ತಮೂರು ಗಂಟೆ.

ನಾನು ಕೃಷ್ಣಮೂರ್ತಿಯವರ ಕೋಣೆಯ ಬಾಗಿಲ ತನಕ ಹೋದೆ. ಅವರು ಫೋನಿನಲ್ಲಿ ಓಸ್ಲೋದವರ ಜೊತೆಗೇ ಮಾತಾಡುತ್ತಿದ್ದರು, ನಗುತ್ತಿದ್ದರು. ವಾಪಸ್ ಬಂದೆ. ಕುಳಿತು ಲೆಕ್ಕ ಹಾಕಿದೆ. ಗುರುವಾರದ ಕಂತಿನಲ್ಲಿ ಯಾರಿಗೂ ಕಾಣದಂತೆ ಸೇರಿಸಿಬಿಡುತ್ತೇನೆ. ಮುದುಕರು ಶುಕ್ರವಾರ ಹೋಗಲಿ. ಅದು ಶ್ರೀಮಂತ ದೇಶ, ಹೆಲಿಕಾಪ್ಟರ್ ಕಳಿಸುವ ದೇಶ, ಅಜ್ಜಿಯನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಆಸ್ಪತ್ರೆ ಎಂದ ಮಾತ್ರಕ್ಕೆ ಏನು, ಜ್ವರವೋ ನೆಗಡಿಯೋ ಇದ್ದೀತು. ಎರಡು ದಿನದಲ್ಲಿ ಏನಾಗುತ್ತದೆ? ಹೀಗೆ ನನಗೆ ನಾನೇ ಬೆಣ್ಣೆ ಹಚ್ಚಿಕೊಂಡೆ. ಆಮೇಲೆ ಆ ದೂರಿನ ಕೆಳಗೆ, ದಿನಕ್ಕೆ ಹತ್ತು ಸಲ ಒತ್ತುವ ಸಿದ್ಧ ಉತ್ತರದ ಗುಂಡಿ ಒತ್ತಿದೆ. ವ್ಯವಸ್ಥೆ ಉದ್ದೇಶಿಸಿದಂತೆಯೇ ಕೆಲಸ ಮಾಡುತ್ತಿದೆ, ಈ ನಿಲ್ದಾಣ ಸದ್ಯ ಸೇವೆಯಲ್ಲಿಲ್ಲ, ಹೆಚ್ಚಿನ ಮಾಹಿತಿಗೆ ಸ್ಥಳೀಯ ಕಚೇರಿಯನ್ನು ಸಂಪರ್ಕಿಸಿ, ಧನ್ಯವಾದ.

ಬೋಟಿನವರಿಗೆ ಒಂದು ಫೋನ್ ಮಾಡಿಸಬಹುದಿತ್ತು. ಬುಧವಾರ ಟೆರ್ನೋಯದಲ್ಲಿ ಒಬ್ಬರು ಕಾಯುತ್ತಿದ್ದಾರೆ ಎಂದು ಹೇಳಲು ಎರಡು ನಿಮಿಷ ಸಾಕಿತ್ತು. ಆದರೆ ಯಾಕೆ ಎಂದು ಅವರು ಕೇಳುತ್ತಿದ್ದರು. ಹಾಗಾಗಿ ಮಾಡಿಸಲಿಲ್ಲ.

ಸೋಮವಾರ ಸಂಜೆ ದಿಯಾಳ ಹಲ್ಲೊಂದು ಬಿತ್ತು. ಮಂಗಳವಾರ ನವನೀತನಿಗೆ ಒಂದು ಇಂಟರ್‌ವ್ಯೂ ಇತ್ತು, ಅವನ ಅಂಗಿಗೆ ಇಸ್ತ್ರಿ ಹಾಕಿಕೊಟ್ಟೆ. ಬೆಳಿಗ್ಗೆ ಎಂಟು ಗಂಟೆ ಆದದ್ದನ್ನು ಒಲೆಯ ಮೇಲಿನ ಗಡಿಯಾರದಲ್ಲಿ ನೋಡಿದೆ. ನೋಡಿ ದೋಸೆ ತಿರುವಿ ಹಾಕಿದೆ.

ಬುಧವಾರ ಆಫೀಸಿಗೆ ಬರುವಷ್ಟರಲ್ಲಿ ಎರಡನೇ ದೂರು ಬಂದಿತ್ತು. "ಸ್ಥಳೀಯ ಕಚೇರಿ ಯಾವುದು ಎಂದು ನನಗೆ ಗೊತ್ತಾಗಲಿಲ್ಲ," ಎಂದು ಬರೆದಿದ್ದರು. "ಇವತ್ತು ಆರೂವರೆಯಿಂದ ಕಟ್ಟೆಯ ಮೇಲೆ ಲಾಟೀನು ಹಿಡಿದು ನಿಂತಿದ್ದೆ. ಬೋಟು ಬಂತು. ಲಾಟೀನು ಆಡಿಸಿದೆ. ಕ್ಯಾಪ್ಟನ್ ನನ್ನನ್ನು ನೋಡಿದ. ನಾನು ನಮಸ್ಕಾರ ಹೇಳುತ್ತಿದ್ದೇನೆ ಎಂದುಕೊಂಡು ಎರಡು ಸಲ ಹಾರ್ನ್ ಹೊಡೆದು ಹೋದ. ಒಳ್ಳೆಯ ಹುಡುಗ, ಅವನ ಅಪ್ಪನನ್ನೂ ಬಲ್ಲೆ. ಓಸ್ಹಿಲ್ಡ್ ಫೋನಿನಲ್ಲಿ ಸರಿಯಾಗಿ ಮಾತಾಡುತ್ತಿಲ್ಲ. ದಯವಿಟ್ಟು ಸಹಾಯ ಮಾಡಿ."

ಓದಿ ಕುಳಿತಲ್ಲಿ ಕೂರಲಾಗಲಿಲ್ಲ. ನೇರ ಕೃಷ್ಣಮೂರ್ತಿಯವರ ಕೋಣೆಗೆ ಹೋಗಿ, ಬಾಗಿಲು ಮುಚ್ಚಿ, ಎಲ್ಲ ಹೇಳಿದೆ. ನಿಯಮ ನನ್ನದು, ಸೋಮವಾರವೇ ಗೊತ್ತಿತ್ತು, ಭಯದಿಂದ ಸುಮ್ಮನಿದ್ದೆ. ಅವರು ಕನ್ನಡಕ ತೆಗೆದು ಎರಡೂ ದೂರು ಓದಿದರು. ಬೈಯಲಿಲ್ಲ. ಕಾರಣದ ಜಾಗದಲ್ಲಿ 'ದತ್ತಾಂಶ ದೋಷ' ಎಂದು ಬರೆದು ಒಪ್ಪಿಗೆ ಕೊಟ್ಟರು. ಮೂರು ನಿಮಿಷವೂ ಹಿಡಿಯಲಿಲ್ಲ.

"ನಿಧಿ, ಇಷ್ಟಕ್ಕೆ ಎರಡು ದಿನ ಯಾಕೆ ವೇಟ್ ಮಾಡಿದ್ರಿ? ನನ್ ಹತ್ರ ಬಂದು ಒಂದ್ ಮಾತು ಹೇಳಿದ್ರೆ ಸೈನ್ ಮಾಡ್ತಿರ್ಲಿಲ್ವಾ?"

ಓಸ್ಲೋದಿಂದ ಒಂದು ಸಾಲಿನ ಮಿಂಚಂಚೆ ಬಂತು, ಗಮನಿಸಿದ್ದೇವೆ ಎಂದು. ಯಾರೂ ನನ್ನನ್ನು ಕರೆಯಲಿಲ್ಲ, ಯಾರೂ ಕೇಳಲಿಲ್ಲ. ಶುಕ್ರವಾರ ಕಾಂಟ್ರ್ಯಾಕ್ಟ್ ಮುಂದುವರಿಯಿತು. ನಾನು ಹೆದರಿದ್ದ ಹುಲಿ ಆ ಕಾಡಿನಲ್ಲಿ ಇರಲೇ ಇಲ್ಲ.

ಮಧ್ಯಾಹ್ನದೊಳಗೆ ಟೆರ್ನೋಯ ಮತ್ತೆ ಪಟ್ಟಿಗೆ ಬಂತು. ಟೋರ್ಲೈಫ್ ಅವರಿಗೆ ನಾನೇ ಬರೆದೆ, ಈಗ ಕಾದಿರಿಸಬಹುದು ಎಂದು. ಅರ್ಧ ಗಂಟೆಯಲ್ಲಿ ಅವರು ಶುಕ್ರವಾರದ ಬೋಟಿಗೆ ಹೆಸರು ಕೊಟ್ಟರು. ಶುಕ್ರವಾರ ಬೆಳಿಗ್ಗೆ ಆಫೀಸಿಗೆ ಬಂದವಳೇ ಬೋಟಿನ ದಾಖಲೆ ತೆಗೆದು ನೋಡಿದೆ. ಏಳು ಐವತ್ತೆರಡಕ್ಕೆ ಟೆರ್ನೋಯದಲ್ಲಿ ನಿಂತಿತ್ತು, ನಾಲ್ಕು ನಿಮಿಷ. ಹತ್ತಿದವರು ಒಬ್ಬರು. ನಾನು ಅಳುತ್ತಾ ನಗುತ್ತಾ ನವನೀತನಿಗೆ ಫೋನ್ ಮಾಡಿದೆ. ಅವತ್ತು ಸಂಜೆ ಮನೆಯಲ್ಲಿ ಕೇಸರಿಬಾತು ಮಾಡಿದೆ. ನಾಚಿಕೆಯಾಗುತ್ತದೆ ಹೇಳಲು, ಎರಡು ಸಲ ಬಡಿಸಿಕೊಂಡು ತಿಂದೆ.

ಮುಂದಿನ ಮಂಗಳವಾರ ಊಟಕ್ಕೆಂದು ಕೆಫೆಟೀರಿಯಾಕ್ಕೆ ಹೋದೆ. ಅಲ್ಲಿ ಗೋಡೆಗೆ ದೊಡ್ಡ ಟೀವಿ ಇದೆ. ದೂರು ಬಗೆಹರಿದ ಮೇಲೆ ಪ್ರಯಾಣಿಕರು ಐದು ನಕ್ಷತ್ರ ಕೊಟ್ಟು ಬರೆದ ಮಾತಿನ ಮೊದಲ ಸಾಲು ಅದರಲ್ಲಿ ತಾನಾಗಿಯೇ ಓಡುತ್ತಿರುತ್ತದೆ. ಯಾರೂ ನೋಡುವುದಿಲ್ಲ, ಮೈಕ್ರೋವೇವಿನ ಸರದಿಯಲ್ಲಿ ನಿಂತವರನ್ನು ಬಿಟ್ಟು. ನಾನು ಅನ್ನ ಸಾರು ಬಿಸಿ ಮಾಡಲು ನಿಂತಿದ್ದೆ. ಪರದೆಯ ಮೇಲೆ ಬಂತು: 'ಶುಕ್ರವಾರ ಬೋಟು ಬಂತು. ಬೇಗ ಸಹಾಯ ಮಾಡಿದ್ದಕ್ಕೆ ಧನ್ಯವಾದ. ಟೆರ್ನೋಯ.' ಕೆಳಗೆ ಐದು ನಕ್ಷತ್ರ. ಹಿಂದೆ ನಿಂತಿದ್ದ ನಮ್ಮ ತಂಡದ ಆಕರ್ಷ್ ನನ್ನ ಭುಜ ತಟ್ಟಿ ನೈಸ್ ಎಂದ.

ಡಬ್ಬಿಯನ್ನು ಮೈಕ್ರೋವೇವಿನಲ್ಲೇ ಬಿಟ್ಟು ಮೇಲೆ ಓಡಿ ಪೂರ್ತಿ ಓದಿದೆ.

"ಶುಕ್ರವಾರ ಬೋಟು ಬಂತು. ಬೇಗ ಸಹಾಯ ಮಾಡಿದ್ದಕ್ಕೆ ಧನ್ಯವಾದ. ನನ್ನ ಹೆಂಡತಿ ಗುರುವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ತೀರಿಕೊಂಡಳು. ನರ್ಸ್ ಅವಳ ಕೈ ಹಿಡಿದುಕೊಂಡಿದ್ದಳಂತೆ. ಬುಧವಾರ ಇಡೀ ದಿನ ಬೋಟು ಬಂತೇ ಎಂದು ಕೇಳುತ್ತಿದ್ದಳು ಎಂದು ಆ ನರ್ಸ್ ಹೇಳಿದಳು. ನಾವು ಐವತ್ತೆಂಟು ವರ್ಷ ಜೊತೆಗಿದ್ದೆವು. ಈ ದೂರನ್ನು ಈಗ ಮುಚ್ಚಬಹುದು."

ಮುಚ್ಚಬಹುದಂತೆ. ನಾನು ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆ ಹೆಂಗಸು ಯಾರೋ, ಅವಳ ಮುಖ ನಾನು ಕಂಡಿಲ್ಲ, ಅವಳ ಹೆಸರನ್ನು ಸರಿಯಾಗಿ ಉಚ್ಚರಿಸಲೂ ನನಗೆ ಬರುವುದಿಲ್ಲ. ಆದರೆ ಬುಧವಾರ ಇಡೀ ದಿನ ಅವಳು ಕೇಳಿದ ಪ್ರಶ್ನೆಗೆ ಉತ್ತರ ಇದ್ದದ್ದು ಈ ಪ್ರಪಂಚದಲ್ಲಿ ನನ್ನೊಬ್ಬಳ ಹತ್ತಿರ. ಬೋಟು ಬರಲಿಲ್ಲ ಓಸ್ಹಿಲ್ಡ್, ನಾನು ಬರಗೊಡಲಿಲ್ಲ.

ಮರುದಿನ, ಬುಧವಾರ, ಗ್ರುನ್‌ವಿಕ್‌ನಿಂದ ದ್ವೀಪಕ್ಕೆ ವಾಪಸ್ ಹೋಗುವ ಮಧ್ಯಾಹ್ನದ ಬೋಟಿನ ದಾಖಲೆ ನೋಡಿದೆ. ನೋಡಬಾರದು ಎಂದುಕೊಂಡಿದ್ದೆ, ಕೈ ಕೇಳಲಿಲ್ಲ. ಟೆರ್ನೋಯದಲ್ಲಿ ಹನ್ನೊಂದು ನಿಮಿಷ ನಿಂತಿತ್ತು. ಇಳಿದ ಪ್ರಯಾಣಿಕರು ಒಬ್ಬರು. ಇಳಿಸಿದ ಸರಕು ಒಂದು.

ಆ ವಾರ ಮನೆಯಲ್ಲಿ ನಾನು ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ. ನವನೀತನಿಗೆ ಕೆಲಸ ಸಿಕ್ಕಿತ್ತು, ಓಲ್ಡ್ ಬ್ರಿಡ್ಜ್ ಕಡೆ, ದಿನಾ ಒಂದು ಗಂಟೆ ಡ್ರೈವ್. ಅವನ ಖುಷಿಗೂ ನಾನು ಮುಖ ಕೊಡಲಿಲ್ಲ. ಆ ಮುದುಕರಿಗೆ ನಿಜ ಬರೆಯಬೇಕು ಎಂದಾಗ ಅವನು ಲ್ಯಾಪ್‌ಟಾಪ್ ಮುಚ್ಚಿ ನನ್ನ ಎದುರು ಕುಳಿತ.

"ಬೇಡ ಕಣೇ. ಲೀಗಲ್ ಆಗತ್ತೆ, ಕಂಪ್ನಿ ಇನ್‌ವಾಲ್ವ್ ಆಗತ್ತೆ. ಅವ್ರು ಥ್ಯಾಂಕ್ಸ್ ಅಂದಿದಾರೆ. ಅಷ್ಟರ ಮೇಲೆ ನೀನು ಬರೆದ್ರೆ ಅವ್ರಿಗೇನು ಸಿಗತ್ತೆ, ಇನ್ನಷ್ಟು ಸಂಕಟ ಬಿಟ್ಟು?"

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಆ ಧನ್ಯವಾದವನ್ನು ಇಟ್ಟುಕೊಂಡು ಬದುಕುವುದು ನನ್ನಿಂದ ಆಗುತ್ತಿರಲಿಲ್ಲ. ಕಂಪನಿಯ ವಿಳಾಸದಿಂದಲ್ಲ, ನನ್ನದೇ ವಿಳಾಸದಿಂದ ಬರೆದೆ. ನನ್ನ ಹೆಸರು ನಿಧಿ, ಅಮೆರಿಕದಲ್ಲಿ ಕುಳಿತು ನಿಮ್ಮ ಬೋಟಿನ ಪಟ್ಟಿ ನೋಡಿಕೊಳ್ಳುವವಳು. ಟೆರ್ನೋಯ ಅಳಿಸಿ ಹೋಗಿದ್ದು ನಾನು ಬರೆದ ನಿಯಮದಿಂದ. ಚಳಿಗಾಲದಲ್ಲಿ ನೀವು ತಿಂಗಳುಗಟ್ಟಲೆ ಎಲ್ಲಿಗೂ ಹೋಗುವುದಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ನನ್ನೂರಿನಲ್ಲೂ ಕೈ ತೋರಿಸಿದರೆ ನಿಲ್ಲುವ ಬಸ್ಸಿತ್ತು, ನನಗೆ ತಿಳಿದಿರಬೇಕಿತ್ತು. ನಿಮ್ಮ ಧನ್ಯವಾದಕ್ಕೆ ನಾನು ಅರ್ಹಳಲ್ಲ. ಕ್ಷಮೆ ಕೇಳುತ್ತೇನೆ.

ಹೀಗೆ ಒಂದು ಪುಟ. ಅಳುತ್ತಾ ಬರೆದದ್ದು, ಪ್ರತಿ ಮಾತೂ ನಿಜ. ಕಳಿಸಿದ ಮೇಲೆ ಮನಸ್ಸು ಹಗುರವಾಯಿತು, ಎರಡು ರಾತ್ರಿ ಚೆನ್ನಾಗಿ ನಿದ್ದೆ ಬಂತು. ಮೂರನೇ ದಿನ ಕಾರು ಓಡಿಸುತ್ತಿದ್ದಾಗ ಅದರಲ್ಲಿ ಏನಿಲ್ಲ ಎಂಬುದು ನೆನಪಾಯಿತು. ನಿಯಮ ಬರೆದದ್ದನ್ನು ಒಪ್ಪಿಕೊಂಡಿದ್ದೆ. ಅದು ಅರಿಯದೆ ಮಾಡಿದ ತಪ್ಪು, ಯಾರಾದರೂ ಕ್ಷಮಿಸುವಂಥದ್ದು. ಅರಿತ ಮೇಲೆ ಮಾಡಿದ್ದನ್ನು ಬಿಟ್ಟಿದ್ದೆ. ಬೇಕೆಂದೇ ಬಿಟ್ಟೆನೋ, ಕೈ ತಾನಾಗಿ ತಪ್ಪಿಸಿಕೊಂಡು ಹೋಯಿತೋ, ದೇವರ ಮೇಲಾಣೆ ನನಗೆ ಗೊತ್ತಿಲ್ಲ. ಆ ಸೋಮವಾರ ನನ್ನ ಪತ್ರದಲ್ಲಿ ಎಲ್ಲೂ ಇರಲಿಲ್ಲ.

ಹನ್ನೊಂದು ದಿನ ಉತ್ತರ ಬರಲಿಲ್ಲ. ಹನ್ನೆರಡನೆಯ ದಿನ, ಶನಿವಾರ ಬೆಳಿಗ್ಗೆ, ದಿಯಾಳ ತಲೆ ಬಾಚುತ್ತಿದ್ದಾಗ ಫೋನ್ ಸದ್ದು ಮಾಡಿತು. ಜಡೆ ಅರ್ಧಕ್ಕೆ ಬಿಟ್ಟು ಅಡುಗೆಮನೆಗೆ ಹೋಗಿ ನಿಂತು ಓದಿದೆ. ಮಮ್ಮಿ, ಯೂ ಆರ್ ನಾಟ್ ಡನ್ ಎಂದು ಅವಳು ಕೂಗುತ್ತಿದ್ದಳು.

"ನಿಮ್ಮ ಪತ್ರಕ್ಕೆ ವಂದನೆ. ತಪ್ಪು ಎಲ್ಲರೂ ಮಾಡುತ್ತಾರೆ. ನಾನು ಮೀನುಗಾರ, ಒಂದು ಸಲ ಹವಾಮಾನ ತಪ್ಪಾಗಿ ಓದಿ ನನ್ನ ತಮ್ಮನನ್ನು ಕಳೆದುಕೊಂಡಿದ್ದೇನೆ. ನಿಯಮದ ಬಗ್ಗೆ ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಒಂದು ವಿಷಯ ಮಾತ್ರ ಕೇಳಬೇಕು ಎಂದು ಇಷ್ಟು ದಿನ ಯೋಚಿಸಿದೆ. ಸೋಮವಾರ ನಾನು ಬರೆದಾಗ ಒಂದು ಉತ್ತರ ಬಂದಿತ್ತು, ಎಲ್ಲ ಸರಿಯಾಗಿದೆ ಎಂದು. ಯಂತ್ರ ಕಳಿಸಿದ್ದು ಎಂದು ನನ್ನ ನೆರೆಯಾಕೆ ಹೇಳುತ್ತಾಳೆ. ನಾನೂ ಹಾಗೇ ಅಂದುಕೊಳ್ಳಲು ನೋಡುತ್ತಿದ್ದೇನೆ. ಅದನ್ನು ಯಂತ್ರವೇ ಕಳಿಸಿದ್ದೇ? ಅಥವಾ ಯಾರಾದರೂ ನನ್ನ ಪತ್ರ ಓದಿ ಕಳಿಸಿದ್ದೇ?"

ಹೌದು, ಯಂತ್ರ ಎಂದು ಬರೆದರೆ ಸಾಕಿತ್ತು. ಅವರು ಕೇಳಿದ್ದೂ ಅದನ್ನೇ. ಎಂಬತ್ತೊಂದು ವರ್ಷದ ಮನುಷ್ಯ ಉಳಿದ ದಿನಗಳಲ್ಲಿ ಒಂದಿಷ್ಟು ನೆಮ್ಮದಿಯಿಂದ ಇರುತ್ತಿದ್ದರು. ನವನೀತನನ್ನು ಕೇಳಿದ್ದರೆ ಹಾಗೇ ಬರೆ ಎನ್ನುತ್ತಿದ್ದ. ನಾನು ಅವನನ್ನು ಕೇಳಲಿಲ್ಲ. ಯಂತ್ರ ಎಂಬ ಆ ಪದವನ್ನು ಎರಡು ಸಲ ಬರೆದೆ, ಎರಡು ಸಲ ಅಳಿಸಿದೆ. ಅಷ್ಟು ಹೊತ್ತಿಗೆ ದಿಯಾ ಅರ್ಧ ಜಡೆ ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ಬಂದು ನಿಂತಿದ್ದಳು.

ನಾನು ಓದಿದ್ದೆ ಎಂದು ಬರೆದೆ. ಬೆಳಿಗ್ಗೆ ಒಂಬತ್ತೂಕಾಲಿಗೆ ಓದಿದ್ದೆ, ಪೂರ್ತಿ ಓದಿದ್ದೆ, ಬುಧವಾರದ ಬೋಟು ನಿಮಗೆ ಬೇಕು ಎಂಬುದನ್ನೂ ಓದಿದ್ದೆ. ಆಮೇಲೆ ಆ ಉತ್ತರ ಕಳಿಸಿದ್ದು ನಾನೇ.